ಬೇಲಿಯಾಚೆಯ ಹಿಂದಿ ಕ್ಲಾಸು: ನಿವೃತ್ತ ಟೀಚರೊಬ್ಬಳು ಹಾಕಿದ ಅಂಕ

ಮೊದಲೇ ಹೇಳಿಬಿಡುತ್ತೇನೆ, ಈ ಕ್ಲಾಸಿಗೆ ನಾನು ಸೇರಿದವಳಲ್ಲ, ರೊಕ್ಕ ಕೊಟ್ಟವಳೂ ಅಲ್ಲ. ಸೇರುತ್ತೇನೆ ಅಂದಿದ್ದರೂ ನನ್ನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ನೋಡಿದ್ದೆಲ್ಲ ಬೇಲಿಯ ಈಚೆ ನಿಂತು, ಕೇಳಿದ್ದೆಲ್ಲ ಮೊಮ್ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತ. ಆದರೆ ಧಾರವಾಡದ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಹಿಂದಿ ಕಲಿಸಿದವಳು ನಾನು. ಬೇರೆಯವರು ಹಿಂದಿ ಕಲಿಸುವುದು ಕಿವಿಗೆ ಬಿದ್ದರೆ ಅಂಕ ಹಾಕದೆ ಸುಮ್ಮನಿರುವುದು ನನ್ನಿಂದ ಆಗದ ಮಾತು. ಹೋಟೆಲಿನ ದೋಸೆಗೆ, ಮಿಕ್ಸರಿಗೆ ಎಲ್ಲರೂ ವಿಮರ್ಶೆ ಬರೆಯುತ್ತಾರೆ, ನಾನು ಒಂದು ಕ್ಲಾಸಿಗೆ ಬರೆಯುತ್ತೇನೆ.

2020ರ ಜನವರಿಯಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಯೂಟಾ ರಾಜ್ಯದ ಓರೆಮ್ ಎಂಬ ಊರಿಗೆ ಹೋದೆ. ಏಪ್ರಿಲಿಗೆ ವಾಪಸ್ ಟಿಕೆಟ್ ಇತ್ತು. ಮಾರ್ಚ್ 18ರ ಬೆಳಿಗ್ಗೆ ಕೂಸಿಗೆ ಎಣ್ಣೆ ಹಚ್ಚುತ್ತ ಕುಳಿತಾಗ ಎಣ್ಣೆಬಟ್ಟಲು ತಾನೇ ತಾನಾಗಿ ಪಕ್ಕಕ್ಕೆ ಸರಿಯಿತು. ಸಾಲ್ಟ್ ಲೇಕ್ ಸಿಟಿಯ ಹತ್ತಿರ 5.7ರ ಭೂಕಂಪ ಆಗಿತ್ತಂತೆ. ಅಲ್ಲಿಯ ದೊಡ್ಡ ದೇಗುಲದ ಶಿಖರದ ಮೇಲೆ ನಿಂತ ಬಂಗಾರದ ಮೂರ್ತಿಯ ಕೈಯಿಂದ ತುತ್ತೂರಿ ಕಳಚಿ ಬಿದ್ದದ್ದನ್ನು ಟಿವಿಯಲ್ಲಿ ತೋರಿಸಿದರು. ಆ ವಾರ ಮುಗಿಯುವುದರೊಳಗೆ ಕೊರೊನಾದ ದೆಸೆಯಿಂದ ಭಾರತಕ್ಕೆ ಬರುವ ವಿಮಾನಗಳೂ ನಿಂತವು. ನಾನು ಟಿಂಪನೋಗಸ್ ಗುಡ್ಡವನ್ನು ನೋಡಿಕೊಂಡು ಹಿತ್ತಲಲ್ಲಿ ಕೂತೆ.

ಪಕ್ಕದ ಮನೆಯವರು ನಾವು ಮಾರ್ಮನ್ ಎಂದು ಕರೆಯುವ ಚರ್ಚಿನವರು. ಆ ಹೆಸರು ಅವರಿಗೆ ಈಗ ಅಷ್ಟು ಸೇರುವುದಿಲ್ಲ. ಚರ್ಚಿನ ಪೂರ್ತಿ ಹೆಸರು ಹೇಳಬೇಕೆಂದು 2018ರಲ್ಲಿ ಅವರ ಹಿರಿಯರೇ ತಿಳಿಸಿದ್ದಾರೆ. ಆ ಮನೆಯ ದೊಡ್ಡ ಹುಡುಗನಿಗೆ ಹದಿನೆಂಟು ತುಂಬಿತ್ತು. ಅವರಲ್ಲಿ ಗಂಡುಹುಡುಗರು ಆ ವಯಸ್ಸಿಗೆ ಎರಡು ವರ್ಷ ಧರ್ಮಪ್ರಚಾರಕ್ಕೆ ಹೋಗುವ ರೂಢಿ. ಎಲ್ಲಿಗೆ ಎಂದು ತಾವು ಆರಿಸಿಕೊಳ್ಳುವಂತಿಲ್ಲ, ಚರ್ಚು ಕಳಿಸಿದಲ್ಲಿಗೆ ಹೋಗಬೇಕು. ಇವನಿಗೆ ಬಂದದ್ದು ಫಿಜಿ ದ್ವೀಪ, ಭಾಷೆ ಹಿಂದಿ. ಅವನ ತಾಯಿ ಬೇಲಿಯ ಮೇಲಿಂದ ಇದನ್ನು ಮಗಳಿಗೆ ಹೇಳಿದಾಗ ನಾನು ಕುಕ್ಕರಿನ ಸೀಟಿಯನ್ನೂ ಮರೆತು ಹೊರಗೆ ಬಂದೆ.

ಹೊಸ ಮಿಷನರಿಗಳಿಗೆ ತರಬೇತಿ ಕೊಡುವ ದೊಡ್ಡ ಕೇಂದ್ರ ಪ್ರೊವೊದಲ್ಲಿದೆ. ನಮ್ಮ ಮನೆಯಿಂದ ಕಾರಿನಲ್ಲಿ ಕಾಲು ಗಂಟೆಯ ದಾರಿ. ಆದರೆ ಮಾರ್ಚ್ 16ರಿಂದ ಹೊಸಬರನ್ನು ಒಳಗೆ ಕರೆದುಕೊಳ್ಳುವುದು ನಿಂತು, ಪಾಠವೆಲ್ಲ ವಿಡಿಯೊ ಕರೆಯ ಮೇಲೆ ನಡೆಯತೊಡಗಿತ್ತು. ಹೀಗಾಗಿ ಮೇ ತಿಂಗಳಲ್ಲಿ ಆ ಹುಡುಗನ ತರಬೇತಿ ಕೇಂದ್ರ ಶುರುವಾದದ್ದು ಅವರ ಹಿತ್ತಲ ಕಟ್ಟೆಯ ಮೇಲೆ. ಒಂದು ಮಡಚುವ ಮೇಜು, ಲ್ಯಾಪ್‌ಟಾಪು, ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ. ಕೆಳಗೆ ಏನಿತ್ತು ಎಂಬುದು ಅವನು ನೀರು ಕುಡಿಯಲು ಎದ್ದಾಗಲೇ ಕಂಡದ್ದು. ಹೂವಿನ ಚಡ್ಡಿ! ಅವನ ತಾಯಿ ಒಳಗಿನಿಂದ ಒಂದು ಕೂಗು ಹಾಕಿದಳು, ಮರುದಿನದಿಂದ ಕರಿ ಪ್ಯಾಂಟು ಬಂತು.

ಆ ಬಿಲ್ಲೆಯ ಮೇಲೆ ಹೆಸರಿನ ಹಿಂದೆ ‘ಎಲ್ಡರ್’ ಎಂದಿತ್ತು. ಹಿರಿಯರು! ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಎರಡು ವರ್ಷ ಮೊದಲ ಹೆಸರು ಹಿಡಿದು ಯಾರೂ ಕರೆಯುವಂತಿಲ್ಲವಂತೆ. ನಾನು ‘ತಮ್ಮಾ’ ಅಂದೆ. ಅದು ಹೆಸರಲ್ಲವಲ್ಲ, ನಿಯಮ ಮುರಿದಂತಾಗಲಿಲ್ಲ. ಅವನು ಮಗಳನ್ನು ಕೇಳಿ ಕೇಳಿ ನನ್ನನ್ನು ‘ಅವ್ವಾ’ ಎಂದ. ಜೋಡು ವ ಅವನ ಬಾಯಲ್ಲಿ ನಿಲ್ಲದೆ ‘ಅವಾ’ ಆಗುತ್ತಿತ್ತು.

ಈಗ ಕಲಿಸುವ ಕ್ರಮಕ್ಕೆ ಬರುತ್ತೇನೆ. ನಮ್ಮಲ್ಲಿ ಹಿಂದಿ ಹೇಗೆ ಶುರುವಾಗುತ್ತದೆ ಎಂಬುದು ನಿಮಗೆ ಗೊತ್ತು. ಮೊದಲು ಅಕ್ಷರ, ಆಮೇಲೆ ಕಾಗುಣಿತ, ಆಮೇಲೆ ಲಿಂಗ ವಚನ, ಆಮೇಲೆ ಕಾರಕ. ಬಾಯಿ ಬಿಟ್ಟು ಒಂದು ವಾಕ್ಯ ಆಡುವ ಹೊತ್ತಿಗೆ ವರ್ಷ ಕಳೆದಿರುತ್ತದೆ. ಹತ್ತನೇ ತರಗತಿ ಪಾಸಾದ ನನ್ನ ಮಕ್ಕಳಲ್ಲಿ ಎಷ್ಟೋ ಮಂದಿ ಕಬೀರನ ದೋಹೆಗೆ ಭಾವಾರ್ಥ ಬರೆಯುತ್ತಿದ್ದರು, ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಉತ್ತರದವರೊಬ್ಬರು ಪ್ಲಾಟ್‌ಫಾರ್ಮ್ ಯಾವುದು ಎಂದರೆ ಬೆರಳು ತೋರಿಸುತ್ತಿದ್ದರು. ಇಲ್ಲಿ ಎಲ್ಲ ತಲೆಕೆಳಗು. ಮೊದಲ ವಾರವೇ ಹಿಂದಿಯಲ್ಲಿ ಪ್ರಾರ್ಥನೆ. ನಾಲ್ಕೈದು ವಾಕ್ಯದ ಒಂದು ಚೌಕಟ್ಟು ಕೊಟ್ಟಿದ್ದರು, ಅದರೊಳಗೆ ಪದ ತುಂಬಿಸಿ ಹೇಳಬೇಕು. ಅದರ ಬೆನ್ನಿಗೇ, ಶಿಕ್ಷಕನು ಏನೂ ಅರಿಯದ ಒಬ್ಬ ಮನೆಯವನ ಹಾಗೆ ನಟಿಸುತ್ತಾನೆ, ಇವರು ಬಾಗಿಲು ತಟ್ಟಿ ಹಿಂದಿಯಲ್ಲೇ ಮಾತಾಡಿಸಬೇಕು. ಬರಲಿ ಬಿಡಲಿ, ಆಡಲೇಬೇಕು. ನಮ್ಮ ಹುಡುಗ ಮೊದಲ ಸಲ ‘ನಮಸ್ತೆ’ ಎಂದ ಮೇಲೆ ಇಪ್ಪತ್ತು ಸೆಕೆಂಡು ಮೌನ. ಆಮೇಲೆ ‘ಈಶ್ವರ್... ಹೈ?’ ಎಂದ. ಇದೆಯೇ ಎಂದು ಕೇಳಿದನೋ, ಇದೆ ಎಂದು ಹೇಳಿದನೋ ಅವನಿಗೇ ಗೊತ್ತಿರಲಿಲ್ಲ. ನಾನು ಕೂಸಿನ ಬೆನ್ನಿಗೆ ಮುಖ ಒತ್ತಿ ನಕ್ಕೆ. ಮೂರನೇ ವಾರಕ್ಕೆ ಅದೇ ಹುಡುಗ ಹತ್ತು ನಿಮಿಷ ನಿಲ್ಲದೆ ಮಾತಾಡಿದ. ತಪ್ಪು ತಪ್ಪಾಗಿ, ಹೌದು. ಆದರೆ ಎದುರಿನವನು ಕೇಳಿದ್ದಕ್ಕೇ ಉತ್ತರ ಕೊಡುತ್ತಿದ್ದ. ನನ್ನ ನಗು ಅಲ್ಲಿಗೆ ನಿಂತಿತು. ಬಾಯಿ ಬಿಡಿಸುವುದಕ್ಕೆ ಹತ್ತಕ್ಕೆ ಹತ್ತು ಕೊಟ್ಟೆ. ನನ್ನ ಮೂವತ್ತೊಂದು ವರ್ಷದಲ್ಲಿ ಯಾರಿಗೂ ಹತ್ತಕ್ಕೆ ಹತ್ತು ಕೊಟ್ಟವಳಲ್ಲ ನಾನು.

ದಿನಚರಿಯೂ ಕಟ್ಟುನಿಟ್ಟು. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರ, ಇಬ್ಬರೂ ಒಬ್ಬರ ಕಣ್ಣಳತೆಯಲ್ಲಿ ಒಬ್ಬರು ಇರಬೇಕು ಎಂಬುದು ಅವರ ನಿಯಮ. ಇವನ ಜೊತೆಗಾರ ಐಡಾಹೊದಲ್ಲಿದ್ದ, ಪರದೆಯ ಮೇಲೆ. ಇವನು ತಟ್ಟೆ ಹಿಡಿದು ಊಟಕ್ಕೆ ಕೂತರೆ ಅವನೂ ಅಲ್ಲಿ ತಟ್ಟೆ ಹಿಡಿದು ಕೂರುತ್ತಿದ್ದ. ಪ್ರೊವೊದಲ್ಲಿ ನೂರಾರು ಹುಡುಗರ ನಡುವೆ ನಡೆಯಬೇಕಾದದ್ದು ನಾಯಿ ಬೊಗಳುವ ಹಿತ್ತಲಲ್ಲಿ ನಡೆದರೆ ಒಂಟಿತನ ಬೇರೆಯೇ. ಸಂಜೆ ಓಣಿಯ ಹುಡುಗರು ಬಾಸ್ಕೆಟ್‌ಬಾಲ್ ಆಡುವ ಸದ್ದು ಬಂದಾಗ ಇವನ ಕೈಯಲ್ಲಿನ ಕಾರ್ಡುಗಳು ನಿಂತುಹೋಗುತ್ತಿದ್ದವು. ಅದಕ್ಕೆ ನಾನು ಅಂಕ ಹಾಕಿಲ್ಲ.

ಕಾರ್ಡುಗಳ ವಿಷಯದಲ್ಲಿ ನನಗೂ ಅವನಿಗೂ ಜಗಳ. ಅಂಗೈ ಅಗಲದ ಬಿಳಿ ಕಾರ್ಡು, ಒಂದು ಬದಿಗೆ ಇಂಗ್ಲಿಷು, ಇನ್ನೊಂದು ಬದಿಗೆ ಹಿಂದಿ ಪದ, ಮೂಲೆಗೆ ತೂತು ಹೊಡೆದು ಉಂಗುರದಲ್ಲಿ ಪೋಣಿಸಿದ್ದು. ವಿಚಾರ ಒಳ್ಳೆಯದೇ. ಆದರೆ ಹಿಂದಿಯನ್ನೂ ಅವನು ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಂಡಿದ್ದ. ಆ ಅಕ್ಷರದಲ್ಲಿ ತ ಮತ್ತು ಟ ಒಂದೇ, ದ ಮತ್ತು ಡ ಒಂದೇ. ‘ದಾಲ್’ ಅಂದರೆ ಬೇಳೆ, ‘ಡಾಲ್’ ಅಂದರೆ ಟೊಂಗೆ. ಅವನು ಪ್ರತಿ ಮಧ್ಯಾಹ್ನ ಟೊಂಗೆಯನ್ನು ಅನ್ನಕ್ಕೆ ಕಲಸಿ ಉಣ್ಣುತ್ತಿದ್ದ. ‘ತಮ್ಮಾ, ಈ ಕಾರ್ಡ್ ಒಲಿಗ್ ಹಾಕು’ ಎಂದು ಕನ್ನಡದಲ್ಲೇ ಗದರಿದೆ, ಅವನಿಗೆ ಅರ್ಥವಾಯಿತು. ಮಹಾಪ್ರಾಣಕ್ಕೆ ನಮ್ಮ ಹಳೆಯ ಉಪಾಯ: ತುಟಿಯ ಮುಂದೆ ತೆಳ್ಳನೆಯ ಕಾಗದ ಹಿಡಿದು ‘ಕಾನಾ’ ಅಂದರೆ ಅಲುಗಬಾರದು, ‘ಖಾನಾ’ ಅಂದರೆ ಅಲುಗಬೇಕು. ವಿಡಿಯೊ ಕರೆಯಲ್ಲಿ ಈ ಉಸಿರು ದಾಟುವುದೇ ಇಲ್ಲ, ಬ ಭ ಎರಡೂ ಒಂದೇ ಥರ ಕೇಳುತ್ತವೆ. ದೂರದಿಂದ ಭಾಷೆ ಕಲಿಯುವವರು ಯಾರೇ ಇರಲಿ, ಈ ಒಂದಕ್ಕೆ ಮಾತ್ರ ಹತ್ತಿರ ಕೂತ ಮನುಷ್ಯ ಬೇಕು. ನಾವು ಆರಡಿ ದೂರದಲ್ಲಿದ್ದೆವು, ಕಾಗದ ಅಲುಗುವುದು ಕಾಣುತ್ತಿತ್ತು.

‘ಹೈ’ ಎನ್ನುವುದನ್ನೂ ಅವನು ಶಿಕ್ಷಕನ ಹಾಗೆ ‘ಹೆ’ ಎಂದು ಹಾರಿಸಿ ಹೇಳುತ್ತಿದ್ದ. ಐಕಾರ ಎಂದರೆ ಐಕಾರ, ‘ಹ-ಯ್’ ಎಂದು ಪೂರ್ತಿ ಎಳೆ ಎಂದು ನೂರು ಸಲ ಹೇಳಿಸಿದೆ.

ಅವರ ಚರ್ಚಿನ ಹೆಸರು ಹಿಂದಿಯಲ್ಲಿ ಹೀಗಿದೆ: ‘ಅಂತಿಮ ದಿನೋಂ ಕೆ ಸಂತೋಂ ಕಾ ಯೀಶು ಮಸೀಹ್ ಕಾ ಗಿರಜಾಘರ್’, ಎಂದರೆ ಅಂತಿಮ ದಿನಗಳ ಸಂತರ ಯೇಸುಕ್ರಿಸ್ತನ ಚರ್ಚು. ಹಿಂದಿ ಟೀಚರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದಿಲ್ಲ. ಒಂದೇ ಉಸಿರಿನಲ್ಲಿ ಮೂರು ಷಷ್ಠಿ. ಮೊದಲನೆಯದು ‘ಕೆ’ ಯಾಕೆ, ಆಮೇಲಿನ ಎರಡು ‘ಕಾ’ ಯಾಕೆ? ಸಂತರು ಬಹುವಚನ, ಆದ್ದರಿಂದ ‘ಕೆ’. ಗಿರಜಾಘರ್ ಏಕವಚನ, ಪುಲ್ಲಿಂಗ, ಆದ್ದರಿಂದ ‘ಕಾ’. ನಾನು ಇದನ್ನು ಬಿಡಿಸಿ ಹೇಳಿದಾಗ ಹುಡುಗನ ಮುಖ ಅರಳಿತು. ದಿನಕ್ಕೆ ಐವತ್ತು ಸಲ ಹೇಳುವ ಹೆಸರಿನ ಕೀಲು ಎಲ್ಲಿದೆ ಎಂದು ಅವತ್ತು ಕಂಡನಂತೆ. ಅವರ ಪಾಠದಲ್ಲಿ ವ್ಯಾಕರಣ ಇಲ್ಲವೆಂದಲ್ಲ, ಮಾತಿನ ಹಿಂದೆ ಬರುತ್ತದೆ. ನನಗೆ ಅದು ಇನ್ನೂ ಸ್ವಲ್ಪ ಮುಂದೆ ಬಂದಿದ್ದರೆ ಹಿತವಾಗುತ್ತಿತ್ತು. ಮಗಳು ಇದನ್ನು ಕೇಳಿ, ‘ಅವ್ವಾ, ನಿನಗ ದೇವರು ಬಂದು ನಿಂತರೂ ಮೊದಲ ಕಾರಕ ಕೇಳ್ತಿ’ ಎಂದಳು.

ಪದಗಳ ಆಯ್ಕೆಯದು ಇನ್ನೊಂದು ತಮಾಷೆ. ಎರಡನೇ ವಾರದ ಹೊತ್ತಿಗೆ ಅವನಿಗೆ ಪ್ರಾರ್ಥನಾ, ಪಶ್ಚಾತ್ತಾಪ, ಭವಿಷ್ಯವಕ್ತಾ, ಪವಿತ್ರ ಆತ್ಮಾ, ಬಪ್ತಿಸ್ಮಾ ಎಲ್ಲ ಸರಾಗ. ಉಪ್ಪಿಗೆ ಏನೆನ್ನುತ್ತಾರೆ ಗೊತ್ತಿಲ್ಲ. ಚಮಚ ಗೊತ್ತಿಲ್ಲ. ಆತ್ಮದ ಉದ್ಧಾರ ಮಾಡಬಲ್ಲ, ಒಂದು ಲೋಟ ನೀರು ಕೇಳಲಾರ. ಪ್ರಚಾರಕ್ಕೆ ಹೋಗುವವರಿಗೆ ಮೊದಲು ಆ ಪದಗಳೇ ಬೇಕು ನಿಜ. ಆದರೆ ಫಿಜಿಯ ಮನೆಯಲ್ಲಿ ಬಾಗಿಲು ತೆರೆಯುವ ಅಜ್ಜಿ ಪಶ್ಚಾತ್ತಾಪದಿಂದ ಮಾತು ಶುರು ಮಾಡುವುದಿಲ್ಲ, ‘ಖಾನಾ ಖಾಯಾ?’ ಎನ್ನುತ್ತಾಳೆ. ಅದಕ್ಕೇ ನಾನು ಬೇಲಿಯ ಮೇಲೆ ಅಡುಗೆಮನೆ ಹಿಂದಿ ಶುರು ಮಾಡಿದೆ. ಚಪಾತಿ, ಶೇಂಗಾ ಚಟ್ನಿಪುಡಿ, ಮೊಸರು ತಟ್ಟೆಯಲ್ಲಿಟ್ಟು ಸರಿಸುತ್ತಿದ್ದೆ, ಹೆಸರು ಹೇಳಿದರೆ ಮಾತ್ರ ತಿನ್ನಬಹುದು. ಚಟ್ನಿಪುಡಿ ಬಾಯಿಗಿಟ್ಟ ದಿನ ಅವನು ಕಲಿತ ಪದ ‘ಪಾನೀ’. ಮತ್ತೆಂದೂ ಮರೆಯಲಿಲ್ಲ.

ಚಹಾದ ಸಂಗತಿ ಬೇರೆಯೇ ಹೇಳಬೇಕು. ಅವರು ಚಹಾ, ಕಾಫಿ ಎರಡನ್ನೂ ಮುಟ್ಟುವುದಿಲ್ಲ, ಧರ್ಮದ ಕಟ್ಟಳೆ. ಹಿಂದಿ ಆಡುವವರ ಮನೆಗಳಿಗೆ ಎರಡು ವರ್ಷ ಹೋಗಿ ಬರುವವನು ಚಹಾ ಒಲ್ಲೆ ಅನ್ನಬೇಕು! ಮೊದಲ ಸಲ ನಾನು ಕಪ್ಪು ಚಾಚಿದಾಗ ಅವನು ಕೈ ಜೋಡಿಸಿ ‘ಮೈಂ ಚಾಯ್ ನಹೀಂ ಪೀಊಂಗಾ’ ಎಂದ. ವ್ಯಾಕರಣ ಸರಿ, ಮರ್ಯಾದೆ ತಪ್ಪು. ಅದು ‘ನಿಮ್ಮ ಚಹಾ ಕುಡಿಯಲಾರೆ’ ಎಂದು ಮುಖಕ್ಕೆ ಹೇಳಿದ ಹಾಗೆ. ‘ಮೈಂ ಚಾಯ್ ನಹೀಂ ಪೀತಾ’ ಎನ್ನಬೇಕು. ಕುಡಿಯುವ ರೂಢಿಯೇ ಇಲ್ಲ, ಎದುರಿನವರ ಮೇಲೆ ಏನೂ ಇಲ್ಲ. ಕೂಡಲೇ ‘ಪಾನೀ ದೀಜಿಯೇ’ ಎಂದು ಏನಾದರೂ ಕೇಳಿಬಿಡಬೇಕು. ಬರಿಗೈಲಿ ಕಳಿಸಿದೆವಲ್ಲ ಎಂಬ ಕೊರಗು ಮನೆಯವರಿಗೆ ಉಳಿಯಬಾರದು. ಕನ್ನಡದಲ್ಲೂ ಹಾಗೇ ಅಲ್ಲವೇ, ‘ನಾ ಚಹಾ ಕುಡ್ಯಾಂಗಿಲ್ರೀ’ ಎನ್ನುವುದಕ್ಕೂ ‘ನನಗ್ ಬ್ಯಾಡ’ ಎನ್ನುವುದಕ್ಕೂ ಎಷ್ಟು ಅಂತರ. ಈ ಒಂದು ವಾಕ್ಯವನ್ನು ನಾವು ನಾಲ್ಕು ದಿನ ಉಜ್ಜಿದೆವು.

ಇನ್ನು ನನ್ನ ಮರ್ಯಾದೆ ಹೋದ ಕಥೆ.

ಹುಡುಗ ‘ನಾನು’ ಎನ್ನಲು ಪದೇ ಪದೇ ‘ಹಮ್’ ಎನ್ನುತ್ತಿದ್ದ. ‘ಹಮ್’ ಎಂದರೆ ನಾವು, ‘ಮೈಂ’ ಎನ್ನು ಎಂದು ತಿದ್ದಿದೆ. ‘ನೇ’ ಪ್ರತ್ಯಯವನ್ನೂ ಬಿಡುತ್ತಿದ್ದ. ‘ನೇ’ ಎಂದರೆ ಕರ್ನಾಟಕದ ಹಿಂದಿ ವಿದ್ಯಾರ್ಥಿಗಳಿಗೆಲ್ಲ ದುಃಸ್ವಪ್ನ. ರಾಮ ರೊಟ್ಟಿ ತಿಂದರೆ ಕ್ರಿಯಾಪದ ರಾಮನನ್ನು ಬಿಟ್ಟು ರೊಟ್ಟಿಯ ಬೆನ್ನು ಹತ್ತುತ್ತದೆ: ‘ರಾಮ್ ನೇ ರೋಟೀ ಖಾಈ’. ರೊಟ್ಟಿ ಹೆಣ್ಣು, ಆದ್ದರಿಂದ ಖಾಈ. ರೊಟ್ಟಿಗೆ ಲಿಂಗವೇ ಇಲ್ಲದ ಭಾಷೆಯಿಂದ ಬಂದ ನಮ್ಮ ಮಕ್ಕಳು ಇಲ್ಲಿ ಬೀಳುವುದು ಸಹಜ. ಯೂಟಾದ ಹುಡುಗನೂ ಅದೇ ಕಲ್ಲಿಗೆ ಎಡವಿದ. ಒಂದು ವಾರ ಬರೀ ‘ನೇ’ ಮಾಡಿಸಿದೆ, ಕೂಸು ಕೂಡ ‘ನೇ ನೇ’ ಅನ್ನುವಷ್ಟು. ಸೋಮವಾರ ಅವನು ಕ್ಲಾಸಿನಲ್ಲಿ ಹೆಮ್ಮೆಯಿಂದ ಅದನ್ನು ಒಪ್ಪಿಸಿದ. ಶಿಕ್ಷಕ ನಕ್ಕು ಏನೋ ಹೇಳಿದ. ಸಂಜೆ ಹುಡುಗ ಬೇಲಿಯ ಬಳಿ ಬಂದು ನಿಂತ, ಹೇಳಲೋ ಬೇಡವೋ ಎಂಬ ಮುಖ.

ಆ ಶಿಕ್ಷಕ ಇಪ್ಪತ್ತೆರಡು ಇಪ್ಪತ್ತಮೂರರ ಕಾಲೇಜು ಹುಡುಗ. ಅಲ್ಲಿ ಕಲಿಸುವವರು ಹೆಚ್ಚಾಗಿ ಹೀಗೆ ಎರಡು ವರ್ಷ ಹೊರಗೆ ಸೇವೆ ಮಾಡಿ ಬಂದು ಓದುತ್ತಿರುವವರೇ. ಅವನು ಸೇವೆ ಮಾಡಿದ್ದು ಫಿಜಿಯಲ್ಲಿ. ಫಿಜಿಯ ಹಿಂದಿಯಲ್ಲಿ ‘ಹಮ್’ ಎಂದರೆ ನಾನೇ. ನಾವು ಎನ್ನಲು ‘ಹಮ್ ಲೋಗ್’. ‘ನೇ’ ಇಲ್ಲವೇ ಇಲ್ಲ. ರೊಟ್ಟಿಯ ಲಿಂಗಕ್ಕೂ ಅಲ್ಲಿ ಯಾರೂ ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಅವನು ನೋಡಿದ ಎನ್ನಲು ‘ಊ ದೇಖಿಸ್’. 1879ರಿಂದ 1916ರವರೆಗೆ ಬ್ರಿಟಿಷರು ಕಬ್ಬಿನ ತೋಟಕ್ಕೆಂದು ಹಡಗು ಹತ್ತಿಸಿದ ಅರವತ್ತು ಸಾವಿರ ಜನರ ಭಾಷೆ ಅದು. ಉತ್ತರದ ಅವಧೀ, ಭೋಜಪುರಿ ನುಡಿಗಳನ್ನು ಆಡುತ್ತಿದ್ದವರು, 1903ರ ಮೇಲೆ ಮದ್ರಾಸಿನಿಂದ ಹೋದ ದಕ್ಷಿಣದವರು, ಎಲ್ಲರೂ ಕೂಡಿ ಆಡಿ ಆಡಿ ಕಟ್ಟಿದ್ದು. ಎಗ್ರಿಮೆಂಟ್ ಎಂಬ ಪದ ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. (ನಮ್ಮ ಧಾರವಾಡದ ಗಿರ್ಮಿಟ್ ತಿನ್ನುವುದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ನಗಬೇಡಿ.) ಇಂಥ ಭಾಷೆಯನ್ನು ನಾನು ತಪ್ಪು ಎಂದು ಕೆಂಪು ಪೆನ್ನಿನಲ್ಲಿ ಗೀಚಿದ್ದೆ.

‘ಓದುವಾಗ ನೇ ಹಾಕು, ಮಾತಾಡುವಾಗ ಬಿಡು, ಅಂದರು ನಮ್ಮ ಟೀಚರ್’ ಎಂದ ಹುಡುಗ ಮೆಲ್ಲಗೆ. ಧರ್ಮಗ್ರಂಥ ಶುದ್ಧ ಹಿಂದಿಯಲ್ಲಿದೆ, ಜನ ಬೇರೆ ಹಿಂದಿಯಲ್ಲಿದ್ದಾರೆ. ಇಪ್ಪತ್ತೆರಡರ ಆ ಹುಡುಗನಿಗೆ ಇದು ಗೊತ್ತಿತ್ತು, ನನಗಿರಲಿಲ್ಲ. ಆ ರಾತ್ರಿ ಅನ್ನ ಸೇರಲಿಲ್ಲ. ಮರುದಿನ ಶಿಕ್ಷಕರ ಯೋಗ್ಯತೆ ಎಂಬ ಕಾಲಮಿಗೆ ಹತ್ತಕ್ಕೆ ಒಂಬತ್ತು ಬರೆದೆ. ಒಂದು ಕಡಿಮೆ ಯಾಕೆ ಎಂದರೆ, ನಕ್ಕಿದ್ದಕ್ಕೆ.

ಧರ್ಮದ ಬಗ್ಗೆ ಕೇಳುತ್ತೀರಿ. ಹೌದು, ಒಂದು ದಿನ ಅವನು ನನ್ನನ್ನೇ ಕೂರಿಸಿಕೊಂಡು ಪೂರ್ತಿ ಪಾಠ ಒಪ್ಪಿಸಿದ. ನಾನು ವ್ಯಾಕರಣ ಮಾತ್ರ ತಿದ್ದುತ್ತೇನೆ ಎಂದು ಮೊದಲೇ ಕರಾರು ಆಗಿತ್ತು. ಅದನ್ನು ಕಂಡು ನಾನು ಮೂಗು ಮುರಿಯಲಾರೆ, ನಾನೂ ಪ್ರಚಾರಕಿಯೇ. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯಲ್ಲಿ ರಾಷ್ಟ್ರಭಾಷಾ, ವಿಶಾರದ, ಪ್ರವೀಣ ಎಲ್ಲ ದಾಟಿದ ಮೇಲೆ ನಮಗೆ ಸಿಗುತ್ತಿದ್ದ ಹೆಸರು ಅದೇ, ಪ್ರಚಾರಕ. ಆ ಕೆಲಸ 1918ರಲ್ಲಿ ಮದ್ರಾಸಿನಲ್ಲಿ ಶುರುವಾದಾಗ ಗಾಂಧೀಜಿ ಮೊದಲ ಪ್ರಚಾರಕನಾಗಿ ಕಳಿಸಿದ್ದು ತಮ್ಮ ಮಗ ದೇವದಾಸನನ್ನು. ಅವನಿಗೂ ಆಗ ಹದಿನೆಂಟು. ನಮ್ಮ ಮನೆ ಬಾಗಿಲಿಗೆ ಹಿಂದಿ ಯಾಕೆ ತಂದಿರಿ ಎಂದು ಬೈದವರನ್ನು ನಾನೂ ಕಂಡಿದ್ದೇನೆ, ಸ್ವಂತ ಅಣ್ಣನನ್ನೂ ಸೇರಿಸಿ. ಅಣ್ಣ ಹೇಳಿದ್ದರಲ್ಲಿ ಅರ್ಧ ಸರಿಯಿತ್ತು ಎಂದು ಈಗ ಅನಿಸುತ್ತದೆ. ಅದಿರಲಿ.

ಖರ್ಚು ಕೇಳುವವರಿಗೆ: ಈ ಎರಡು ವರ್ಷಕ್ಕೆ ಸಂಬಳವಿಲ್ಲ, ಮೇಲೆ ಮನೆಯವರೇ ತಿಂಗಳಿಗೆ 400 ಡಾಲರ್ ಕಟ್ಟಬೇಕಿತ್ತು. ಅದೇ ಜುಲೈ 1ರಿಂದ ಅದು 500 ಆಯಿತು. ಹುಡುಗ ಎರಡು ಬೇಸಿಗೆ ಊರವರ ಹುಲ್ಲು ಕತ್ತರಿಸಿ ಕೂಡಿಟ್ಟಿದ್ದ.

ತರಬೇತಿ ಮುಗಿಯುವ ಹೊತ್ತಿಗೂ ಫಿಜಿಯ ಬಾಗಿಲು ತೆರೆಯಲಿಲ್ಲ. 1961ರಲ್ಲಿ ಪ್ರೊವೊದಲ್ಲಿ ಈ ಭಾಷಾ ತರಬೇತಿ ಮೊದಲಿಗೆ ಶುರುವಾದದ್ದೇ ವೀಸಾಕ್ಕೆ ಕಾಯುತ್ತ ಕೂತ ಹುಡುಗರ ಕಾಲ ವ್ಯರ್ಥವಾಗದಿರಲಿ ಎಂದು ಅವನ ತಂದೆ ಹೇಳಿದರು, ಸಮಾಧಾನಕ್ಕೋ ಏನೋ. ಕೊನೆಗೆ ತಾತ್ಕಾಲಿಕವಾಗಿ ಅಮೆರಿಕದೊಳಗೇ ದಕ್ಷಿಣದ ಒಂದು ರಾಜ್ಯಕ್ಕೆ ಹಾಕಿದರು, ಇಂಗ್ಲಿಷ್ ಆಡುವ ಊರಿಗೆ. ಹೊರಡುವ ದಿನ ಬೇಲಿಯ ಬಳಿ ಬಂದು ‘ಅವ್ವಾ, ಹಮ್ ಜಾತಾ’ ಎಂದ. ಜೋಡು ವ ಗಟ್ಟಿಯಾಗಿತ್ತು. ‘ಜಾತಾ ಹೂಂ’ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆಗಸ್ಟಿನಲ್ಲಿ ನಾನೂ, ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರಲು ಸರಕಾರ ಬಿಟ್ಟಿದ್ದ ವಂದೇ ಭಾರತ್ ವಿಮಾನ ಹತ್ತಿ ಊರಿಗೆ ಬಂದೆ.

ಚಳಿಗಾಲದಲ್ಲಿ ಮಗಳು ಫೋನು ಮಾಡಿದಳು. ಹುಡುಗ ವಾರಕ್ಕೊಮ್ಮೆ ಮನೆಗೆ ಬರೆಯುವ ಪತ್ರದಲ್ಲಿ ನನಗೊಂದು ಸುದ್ದಿ ಇತ್ತಂತೆ. ಅಲ್ಲಿ ಒಂದು ಮೋಟೆಲಿನ ಮಾಲೀಕರು ಗುಜರಾತಿನವರು. ಇವನು ನಮಸ್ತೆ ಎಂದದ್ದೇ ಅವರು ಒಳಗೆ ಕರೆದು ಚಹಾ ತರಿಸಿದರಂತೆ. ಇವನು ಉಜ್ಜಿಟ್ಟುಕೊಂಡ ವಾಕ್ಯ ಹೊರತೆಗೆದ: ‘ಮೈಂ ಚಾಯ್ ನಹೀಂ ಪೀತಾ, ಪಾನೀ ದೀಜಿಯೇ’. ಮಾಲೀಕರಿಗೆ ಖುಷಿಯೋ ಖುಷಿ, ಮಜ್ಜಿಗೆ ಬಂತು, ಢೋಕ್ಲಾ ಬಂತು, ಅರ್ಧ ತಾಸು ಹಿಂದಿಯಲ್ಲಿ ಮಾತು. ಕೊನೆಗೆ ಅವರು ಕೇಳಿದರಂತೆ, ‘ನಿನಗೆ ಹಿಂದಿ ಕಲಿಸಿದವರು ಮದ್ರಾಸಿನವರೇನು? ಹೈ ಎನ್ನಲು ಹ-ಯ್ ಅನ್ನುತ್ತೀಯಲ್ಲ!’

ಉಚ್ಚಾರಕ್ಕೆ ನಾನು ಹತ್ತಕ್ಕೆ ಎಂಟು ಹಾಕಿದ್ದೆ, ಈಗ ಎರಡು ಕಳೆಯಬೇಕು. ಆ ಎರಡು ನನ್ನ ಲೆಕ್ಕಕ್ಕೆ, ಅವರ ಕ್ಲಾಸಿನ ಎಂಟು ಎಂಟಾಗಿಯೇ ಇರಲಿ.